ಭಾನುವಾರದ ಓವರ್‌ಟೈಮ್

ವಾರವಿಡೀ ಮೀಟಿಂಗಿನಲ್ಲಿ ಕೂತು ಹೈರಾಣಾದ ಬೆಂಗಳೂರಿನ ಸಂಸಾರಕ್ಕೆ ಶನಿವಾರ ರಾತ್ರಿ ನಿದ್ದೆ ಹತ್ತುವುದಿಲ್ಲ. ಯಾಕೆಂದರೆ ಮಾರನೇ ದಿನ ವಿಶ್ರಾಂತಿ ಇದೆ. ಬೆಳಿಗ್ಗೆ 8ಕ್ಕೆ ಬೆಣ್ಣೆ ಮಸಾಲೆ, 11.30ಕ್ಕೆ ಮಾಲ್‌ನಲ್ಲಿ ಮಣ್ಣಿನ ಗಣಪನ ಕಾರ್ಯಾಗಾರ, ಸಂಜೆ 4ಕ್ಕೆ ಕೆಫೆಯಲ್ಲಿ ಚೌಕಾಬಾರ. ಕೊನೆಯ ಎರಡಕ್ಕೆ ದುಡ್ಡು ಕಟ್ಟಿ ಆಗಿದೆ, ತಡವಾದರೆ ವಾಪಸಿಲ್ಲ. ಆಫೀಸಿಗೆ ತಡವಾಗಿ ಹೋದರೆ ತಪ್ಪನ್ನು ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ಮೇಲೆ ಹಾಕಬಹುದು. ವಿರಾಮಕ್ಕೆ ತಡವಾಗಿ ಹೋದವರಿಗೆ ಆ ನೆಪವೂ ಇಲ್ಲ.

ದೋಸೆಯಿಂದಲೇ ಶುರು ಮಾಡೋಣ. ನಿಂತು ತಿಂದು ಬೇಗ ಹೊರಡಲೆಂದೇ 1980ರ ದಶಕದಲ್ಲಿ ದರ್ಶಿನಿಗಳನ್ನು ಕಟ್ಟಿಕೊಂಡ ಊರು ಇದು. ಕುರ್ಚಿಯಿಲ್ಲ, ಮಾಣಿಯಿಲ್ಲ, ಹತ್ತು ನಿಮಿಷದಲ್ಲಿ ಕೈ ತೊಳೆದು ಬಸ್ಸು ಹಿಡಿಯಬಹುದಿತ್ತು. ಅದೇ ಊರು ಈಗ ನಿಂತು ತಿನ್ನುವುದಕ್ಕೆ ಒಂದೂವರೆ ಗಂಟೆ ನಿಂತು ಕಾಯುತ್ತದೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಲ್ಲಿ ಆರಂಭವಾದದ್ದು ಸುತ್ತಮುತ್ತ ಓದುತ್ತಿದ್ದ ಹುಡುಗರ ಹಸಿವಿಗೆ. ಇವತ್ತು ಭಾನುವಾರ ಬೆಳಿಗ್ಗೆ ಅದರ ಬಾಗಿಲಲ್ಲಿ ಹೆಸರು ಬರೆಸಿ ನಿಂತವರು ಕೈಯಲ್ಲೊಂದು ಪುಸ್ತಕ ಹಿಡಿದಿದ್ದರೆ ಕೆಎಎಸ್ ಪ್ರಿಲಿಮ್ಸ್ ದಾಟಬಹುದು.

ಒಳಗೆ ಹೋದ ಮೇಲೂ ಕೆಲಸ ಮುಗಿಯುವುದಿಲ್ಲ. ಹೆಸರು ಕೂಗುವ ಪದ್ಧತಿಯಿಲ್ಲದ ಹೋಟೆಲಾದರೆ ಕುರ್ಚಿ ಕಾಯುವ ವಿದ್ಯೆ ಗೊತ್ತಿರಬೇಕು. ತಿನ್ನುತ್ತಿರುವವರ ಮುಖ ನೋಡಬೇಡಿ, ಮೇಜು ನೋಡಿ. ಕಾಫಿ ಲೋಟ ಬಂದಿದ್ದರೆ ನಾಲ್ಕೈದು ನಿಮಿಷ. ಕಾಫಿ ಬಂದು, ಅದನ್ನು ಬೈಟು ಮಾಡಿಕೊಂಡಿದ್ದರೆ ಮೂರೇ ನಿಮಿಷ. ತಟ್ಟೆಯಲ್ಲಿ ಚಟ್ನಿ ಮಾತ್ರ ಉಳಿದಿದ್ದು ಕಣ್ಣು ಮಾಣಿಯನ್ನು ಹುಡುಕುತ್ತಿದ್ದರೆ ಆ ಮನುಷ್ಯ ಎರಡನೇ ದೋಸೆ ಹೇಳುವವನು, ತಕ್ಷಣ ಬೇರೆ ಮೇಜಿಗೆ ಸರಿಯಿರಿ. ನಿಲ್ಲುವುದು ಕುರ್ಚಿಯ ಹಿಂದೆ ಒಂದು ಅಡಿ ದೂರದಲ್ಲಿ. ಅದಕ್ಕಿಂತ ಹತ್ತಿರ ನಿಂತರೆ ಜಗಳ, ದೂರ ನಿಂತರೆ ನಡುವೆ ಇನ್ನೊಂದು ಸಂಸಾರ. ಹೆಣ ಕಾಯುವಾಗ ಕೂಡ ಜನ ಇಷ್ಟು ಏಕಾಗ್ರತೆಯಿಂದ ನಿಲ್ಲುವುದಿಲ್ಲ.

ಅಂತೂ ದೋಸೆ ಬರುತ್ತದೆ. ಕಾವಲಿಯಿಂದ ಇಳಿದ ಮಸಾಲೆದೋಸೆಯ ಗರಿಗರಿಗೆ ಎರಡು ಮೂರು ನಿಮಿಷದ ಆಯುಷ್ಯ. ಒಳಗಿರುವ ಪಲ್ಯದ ಹಬೆ ಹೊರಗೆ ಹೋಗಲು ದಾರಿಯಿಲ್ಲದೆ ಸಿಪ್ಪೆಯನ್ನೇ ಮೆತ್ತಗೆ ಮಾಡುತ್ತದೆ. ಹಾಗಾಗಿ ತುದಿಯಿಂದ ಮುರಿದು ತಕ್ಷಣ ಬಾಯಿಗೆ ಹಾಕಬೇಕು, ಇಲ್ಲವೇ ಮಡಿಕೆ ಬಿಚ್ಚಿ ಹಬೆಯನ್ನಾದರೂ ಬಿಡಬೇಕು. ಆದರೆ ಈ ಮೂರು ನಿಮಿಷವನ್ನು ಫೋಟೋಗೆ ಮೀಸಲಿಡಲಾಗಿದೆ. ಮೊದಲು ಮೇಲಿನಿಂದ ಒಂದು, ಆಮೇಲೆ ಬೆಣ್ಣೆ ಕರಗುವ ವಿಡಿಯೋ. ಬೆಣ್ಣೆ ಅಷ್ಟರಲ್ಲೇ ಕರಗಿ ಹೋಗಿರುವುದರಿಂದ "ಸಪರೇಟಾಗಿ ಇನ್ನೊಂದ್ ಚೂರು ಬೆಣ್ಣೆ ಕೊಡಿ" ಎಂದು ಕೇಳಿ ಅದನ್ನು ಮೇಲಿಟ್ಟು ಮತ್ತೊಂದು. ಕೊನೆಗೆ ತಿನ್ನುವುದು ಒದ್ದೆ ಚಪಾತಿ, ಕಾದದ್ದು ದೋಸೆಗೆ.

ಮನೆಯಲ್ಲಿ ಈ ದೋಸೆ ಆಗುವುದಿಲ್ಲವೇ? ಮೂರು ಪಾವು ದೋಸೆ ಅಕ್ಕಿ, ಮುಕ್ಕಾಲು ಪಾವು ಉದ್ದಿನಬೇಳೆ, ಒಂದು ಚಮಚ ಮೆಂತ್ಯ. ನಾಲ್ಕೈದು ಗಂಟೆ ನೆನೆಸಿ. ರುಬ್ಬುವ ಹತ್ತು ನಿಮಿಷ ಮುಂಚೆ ಎರಡು ಪಾವು ಮಂಡಕ್ಕಿಯನ್ನು ನೀರಿಗೆ ಹಾಕಿ ಹಿಂಡಿ ಸೇರಿಸಿ. ರಾತ್ರಿ ಮುಚ್ಚಿಟ್ಟರೆ ಬೇಸಿಗೆಯಲ್ಲಿ ಎಂಟು ಗಂಟೆಗೆ ಉಬ್ಬುತ್ತದೆ, ಡಿಸೆಂಬರಿನ ಚಳಿಯಲ್ಲಿ ಹದಿನಾಲ್ಕಾದರೂ ಬೇಕು. ಕಾವಲಿ ತೀರಾ ಕಾದಿದ್ದರೆ ಹಿಟ್ಟು ಸೌಟಿಗೆ ಅಂಟಿಕೊಂಡು ಎದ್ದು ಬರುತ್ತದೆ. ನೀರು ಚಿಮುಕಿಸಿ, ಒರೆಸಿ, ಆಮೇಲೆ ಹುಯ್ಯಿರಿ. ಇದನ್ನು ಹೇಳಿದರೆ ಬರುವ ಉತ್ತರ: "ಅಯ್ಯೋ, ಅಷ್ಟೊಂದು ಟೈಮ್ ಯಾರಿಗಿದೆ?" ಲೆಕ್ಕ ಹಾಕಿ. ಹದಿನೆಂಟು ಗಂಟೆಯಲ್ಲಿ ಮನುಷ್ಯನ ಪಾಲು ಅರ್ಧ ಗಂಟೆ, ಮಿಕ್ಕಿದ್ದೆಲ್ಲ ಹಿಟ್ಟೇ ಕಾಯುತ್ತದೆ. ಹೋಟೆಲಿನ ಮುಂದೆ ಕಾಯುವುದು ಮಾತ್ರ ನಾವು. ಮದುವೆಯಲ್ಲಿ ಉಡುಗೊರೆ ಬಂದ ವೆಟ್ ಗ್ರೈಂಡರ್ ಅಟ್ಟದ ಮೇಲೆ, ತನ್ನ ಥರ್ಮಾಕೋಲ್ ಸಮೇತ, ಇದನ್ನೆಲ್ಲ ಕೇಳಿಸಿಕೊಳ್ಳುತ್ತಾ ಕೂತಿದೆ.

ಇನ್ನು ಮಣ್ಣಿಗೆ ಬರೋಣ. ಪ್ಲಾಸ್ಟರ್ ಆಫ್ ಪ್ಯಾರಿಸ್ (ಪಿಒಪಿ) ವಿಗ್ರಹ ಬೇಡವೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಪರಿಷ್ಕೃತ ಮಾರ್ಗಸೂಚಿಯಲ್ಲಿ ಹೇಳಿತು, ನಮ್ಮ ರಾಜ್ಯ ಮಂಡಳಿ ಪ್ರತಿ ವರ್ಷ ಹೇಳುತ್ತಲೇ ಇದೆ. ಒಳ್ಳೆಯ ಮಾತು. ಆದರೆ ಸರ್ಕಾರ ಒಂದು ಒಳ್ಳೆಯ ಮಾತಾಡಿದರೆ ಅದರಿಂದ ಒಂದು ಟಿಕೆಟ್ ಹುಟ್ಟುವುದು ಈ ಊರಿನ ಗುಣ. ಪಾಟರಿ ಟೌನಿನಲ್ಲಿ ತಲೆಮಾರುಗಳಿಂದ ಗಣಪನನ್ನು ಮಾಡುವ ಕುಂಬಾರರ ಹತ್ತಿರ ನೂರಿನ್ನೂರು ರೂಪಾಯಿಗೆ ಚೌಕಾಸಿ ಮಾಡುವವರು, ಮಾಲ್‌ನಲ್ಲಿ ಅದೇ ಮಣ್ಣನ್ನು ತಾವೇ ಮೆತ್ತಿಕೊಳ್ಳಲು ನಾಲ್ಕಂಕಿಯ ಟಿಕೆಟ್ಟನ್ನು ಕಮಕ್ ಕಿಮಕ್ ಅನ್ನದೆ ಕೊಳ್ಳುತ್ತಾರೆ. ಇಲಿಗೆ ಬೇರೆ ಚಾರ್ಜು. ಗೌರಿಯ ವಿಚಾರ ಕೇಳಿದರೆ "ಅದು ಅಡ್ವಾನ್ಸ್ಡ್ ಬ್ಯಾಚ್ ಮೇಡಂ". ಮಗನ ಹಿಂದಿನ ದಿನವೇ ಬರುವ ತಾಯಿಗೆ ಸ್ಲಾಟ್ ಇಲ್ಲ.

ಅವಧಿ ತೊಂಬತ್ತು ನಿಮಿಷ. ಮಣ್ಣಿಗೆ ಇದನ್ನು ಯಾರೂ ತಿಳಿಸಿಲ್ಲ. ಜೇಡಿಮಣ್ಣನ್ನು ಒಂದು ದಿನ ನೆನೆಹಾಕಿ, ಕಲ್ಲು ಬೇರು ಹೋಗುವಂತೆ ಸೋಸಿ, ನೀರು ಆರಿಸಿ, ಚಪಾತಿ ಹಿಟ್ಟಿನ ಹದಕ್ಕೆ ನಾದಬೇಕು. ಹದ ಬಂದಿದೆಯೋ ನೋಡಲು ಪೆನ್ಸಿಲ್ ಗಾತ್ರಕ್ಕೆ ಹೊಸೆದು ಬೆರಳಿಗೆ ಸುತ್ತಿ. ಬಿರಿದರೆ ಇನ್ನೂ ನಾದಿ, ಕೈಗೆ ಮೆತ್ತಿಕೊಂಡರೆ ನೀರು ಹೆಚ್ಚಾಗಿದೆ. ಆರಿಂಚಿನ ಗಣಪನಿಗೆ ಒಂದೂವರೆ ಕೆಜಿ ಮಣ್ಣು ಹಿಡಿಯುತ್ತದೆ. ಪೀಠವನ್ನು ಕಾಗದದ ಮೇಲೆ ಮಾಡಬೇಕು, ಟೈಲ್ಸ್ ಮೇಲಲ್ಲ. ಮಣ್ಣು ಒಣಗುತ್ತಾ ಕುಗ್ಗುತ್ತದೆ. ಬುಡ ಟೈಲ್ಸಿಗೆ ಕಚ್ಚಿಕೊಂಡರೆ ಕುಗ್ಗಲಾಗದೆ ನಡುವೆ ಸೀಳುತ್ತದೆ. ಸೊಂಡಿಲು, ಕಿವಿ, ಕೈಗಳನ್ನು ಅಂಟಿಸುವ ಜಾಗದಲ್ಲಿ ಎರಡೂ ಕಡೆ ಹಳೇ ಬಾಚಣಿಗೆಯಿಂದ ಗೀರು ಹಾಕಿ, ನಡುವೆ ತೆಳ್ಳಗಿನ ಮಣ್ಣಿನ ರಾಡಿ ಸವರಿ, ಒತ್ತಿ ಹಿಡಿಯಬೇಕು. ಬರೀ ನೀರು ಹಚ್ಚಿ ಅಂಟಿಸಿದ್ದು ಒಣಗಿದ ಮೇಲೆ ಉದುರುತ್ತದೆ. ಮುಗಿದ ಮೇಲೆ ತೆಳ್ಳಗಿರುವ ಸೊಂಡಿಲಿಗೂ ಕಿವಿಗೂ ಒದ್ದೆ ಬಟ್ಟೆ ಹೊದಿಸಿ, ಗಾಳಿಯಾಡುವ ನೆರಳಿನಲ್ಲಿ ಐದಾರು ದಿನ. ದಪ್ಪ ಹೊಟ್ಟೆ ನಿಧಾನ ಒಣಗುತ್ತದೆ, ಸೊಂಡಿಲು ಬೇಗ. ಇಬ್ಬರೂ ಬೇರೆ ಬೇರೆ ವೇಗದಲ್ಲಿ ಕುಗ್ಗಿದರೆ ಬೇರ್ಪಡುವುದು ಖಂಡಿತ. ಗಂಡಹೆಂಡಿರ ಹಾಗೆಯೇ, ಮಣ್ಣಿನ ಜೋಡಣೆಯೂ ಒಟ್ಟಿಗೆ ಒಣಗಬೇಕು.

ಮಾಲ್‌ನಲ್ಲಿ ಇದರ ಸಂಕ್ಷಿಪ್ತ ರೂಪ ನಡೆಯುತ್ತದೆ. ಮೊದಲ ಇಪ್ಪತ್ತು ನಿಮಿಷ ಏಪ್ರನ್ ಕಟ್ಟುವುದು, ಮತ್ತು ಫೆಸಿಲಿಟೇಟರ್ ಎಂಬ ಹುಡುಗ "ಮಣ್ಣಿನ ಜೊತೆ ಕನೆಕ್ಟ್ ಆಗಿ" ಎನ್ನುವುದು. ಕನೆಕ್ಟ್ ಆದ ಮಣ್ಣು ನೆಲಕ್ಕೆ ಬಿದ್ದರೆ ಮಾಲ್‌ನ ಹೌಸ್‌ಕೀಪಿಂಗಿನವರು ಆಕ್ಷೇಪಿಸುತ್ತಾರೆ, ಅದಕ್ಕೆ ಮೇಜಿನ ಸುತ್ತ ಪ್ಲಾಸ್ಟಿಕ್ ಹಾಸಿದೆ. ಪರಿಸರ ಉಳಿಸುವ ಕೆಲಸಕ್ಕೆ ಅಷ್ಟು ಪ್ಲಾಸ್ಟಿಕ್ ಬೇಕೇ ಬೇಕು. ಮೂಲೆಯಲ್ಲಿ ಕೂತ ಅಜ್ಜಿ ಬಾಚಣಿಗೆ ಕೇಳಿದರೆ "ಅಜ್ಜಿ, ನೀವು ರಿಲ್ಯಾಕ್ಸ್ ಮಾಡಿ, ಕಿಟ್‌ನಲ್ಲಿ ಟೂಲ್ ಇದೆ" ಎಂಬ ಸಲಹೆ. ಮಗನೂ ದನಿಗೂಡಿಸುತ್ತಾನೆ: "ಅಮ್ಮಾ, ಸುಮ್ನಿರು, ಅವ್ರಿಗೆ ಗೊತ್ತು." ಟೂಲ್ ಅಂದರೆ ಐಸ್‌ಕ್ರೀಮ್ ಕಡ್ಡಿ. ಹೊಟ್ಟೆಯೊಳಗೆ ಇಡಲು ಒಂದು ಪೊಟ್ಟಣ ಬೀಜವೂ ಉಂಟು. ಒದ್ದೆ ಮಣ್ಣಿನಲ್ಲಿ ಬೀಜ ಹೂತರೆ ಅದು ಹಬ್ಬದ ತನಕ ಪಂಚಾಂಗ ನೋಡುತ್ತಾ ಕೂರುವುದಿಲ್ಲ. ಮೂರ್ನಾಲ್ಕು ದಿನದಲ್ಲೇ ಮೊಳೆತು ಹೊರಗೆ ಬರಲು ನೋಡುತ್ತದೆ, ಇಲ್ಲವೇ ಮಣ್ಣು ಒಣಗಿದಂತೆ ಒಳಗೇ ಸಾಯುತ್ತದೆ. ಬೀಜವನ್ನು ವಿಸರ್ಜನೆಯ ಕುಂಡದಲ್ಲಿ ಉದುರಿಸಿದರೆ ಸಾಕಿತ್ತು. ಆದರೆ ಹೊಟ್ಟೆಯಲ್ಲಿ ಬೀಜವಿಲ್ಲದಿದ್ದರೆ ಟಿಕೆಟ್ಟಿನ ಮೇಲೆ 'ಸಸ್ಯ ಗಣಪ' ಎಂದು ಬರೆಯಲಾಗುವುದಿಲ್ಲವಲ್ಲ.

ಆರು ವರ್ಷದ ಕೆಳಗಿನ ಮಕ್ಕಳಿಗೆ ಇನ್ನೊಂದು ಮೇಜು. ಅಲ್ಲಿ ಕೈ ಕೊಳೆಯಾಗದ, ಬಣ್ಣ ಬಣ್ಣದ, ಹತ್ತಿಯಂತೆ ಹಗುರವಾದ ಫೋಮ್ ಕ್ಲೇ. ಹೆಸರಲ್ಲಿ ಮಾತ್ರ ಕ್ಲೇ. ನಿಜವಾಗಿ ಅದು ಅಂಟು ಮತ್ತು ಪ್ಲಾಸ್ಟಿಕ್ಕಿನ ಸೂಕ್ಷ್ಮ ಗುಳ್ಳೆಗಳ ಹಿಟ್ಟು. ಗಾಳಿಗೆ ಒಂದು ದಿನ ಇಟ್ಟರೆ ರಬ್ಬರಿನ ಹಾಗೆ ಗಟ್ಟಿಯಾಗುತ್ತದೆ. ಹೀಗೆ ಒಂದೇ ಮನೆಯ ಅಕ್ಕನಿಗೆ ಬೂದು ಗಣಪ, ತಮ್ಮನಿಗೆ ಗುಲಾಬಿ ಗಣಪ. ಇಬ್ಬರಿಗೂ ಪರಿಸರಸ್ನೇಹಿ ಎಂಬ ಸರ್ಟಿಫಿಕೇಟು, ಲ್ಯಾಮಿನೇಟ್ ಮಾಡಿದ್ದು. ಒಂದು ಗಂಟೆಗೆ ಸರಿಯಾಗಿ ಮುಂದಿನ ಬ್ಯಾಚು ಬಾಗಿಲಲ್ಲಿ ನಿಂತಿರುತ್ತದೆ. ಹಸಿ ಹಸಿ ದೇವರನ್ನು ರಟ್ಟಿನ ಡಬ್ಬಿಗೆ ಹಾಕಿ ಕಾರಿನ ಡಿಕ್ಕಿಯಲ್ಲಿಡಬೇಕು. ಚೌಕಾಬಾರ ಇದೆಯಲ್ಲ.

ಚೌಕಾಬಾರದ ವಿಚಾರದಲ್ಲಿ ಬೆರಗಾಗುವುದು ಏನೆಂದರೆ, ಸೀಮೆಸುಣ್ಣದ ಒಂದು ತುಂಡು ಬಿಟ್ಟರೆ ಬೇರೇನೂ ಖರ್ಚಿಲ್ಲದ ಆಟಕ್ಕೆ ತಲೆಗಿಷ್ಟೆಂದು ದರ ನಿಗದಿ ಮಾಡಿದ ಬುದ್ಧಿವಂತಿಕೆ. ಹಂಪಿಯ ಕಲ್ಲುಹಾಸಿನ ಮೇಲೆ ಆಟದ ಮನೆಗಳನ್ನು ಕೆತ್ತಿಕೊಂಡು ಆಡಿದವರು ಯಾರಿಗೂ ಬಾಡಿಗೆ ಕೊಟ್ಟಂತಿಲ್ಲ. ಕವಡೆ ಇಲ್ಲದಿದ್ದರೆ ಹುಣಸೆಬೀಜ ಸಾಕು. ನಾಲ್ಕು ಬೀಜ ಆರಿಸಿ, ಒಂದು ಮಗ್ಗುಲನ್ನು ಒರಟು ಕಲ್ಲಿನ ಮೇಲೆ ನೀರು ಹಾಕಿ ಬಿಳಿ ಕಾಣುವ ತನಕ ತಿಕ್ಕಿ. ಅತಿಯಾಗಿ ತಿಕ್ಕಬೇಡಿ. ಆ ಮಗ್ಗುಲು ಚಪ್ಪಟೆಯಾದರೆ ಬೀಜ ಅದರ ಮೇಲೆಯೇ ಕೂರುತ್ತದೆ, ಕಪ್ಪೇ ಬೀಳುತ್ತಾ ಹೋಗುತ್ತದೆ, ಆಟ ಕೆಡುತ್ತದೆ. ಐದಕ್ಕೆ ಐದು ಮನೆ. ಎಷ್ಟು ಬಿಳಿಯೋ ಅಷ್ಟು ನಡೆ, ನಾಲ್ಕೂ ಬಿಳಿಯಾದರೆ ಚೌಕ, ನಾಲ್ಕೂ ಕಪ್ಪಾದರೆ ಎಂಟು, ಅದೇ ಬಾರ. ಇವೆರಡು ಬಿದ್ದವರಿಗೆ ಇನ್ನೊಂದು ಆಟ. ಹೊರಸುತ್ತು ಮುಗಿಸಿ ಒಳಸುತ್ತಿಗೆ ಹೋಗಬೇಕಾದರೆ ಎದುರಾಳಿಯ ಒಂದು ಕಾಯನ್ನಾದರೂ ಕಡಿದಿರಬೇಕು. ಆಟದ ಜೀವ ಇರುವುದೇ ಈ ನಿಯಮದಲ್ಲಿ. ನಾದಿನಿ ಅತ್ತಿಗೆಯರ ವರ್ಷಗಳ ಲೆಕ್ಕ ಇತ್ಯರ್ಥವಾಗುತ್ತಿದ್ದದ್ದೂ ಇಲ್ಲೇ.

ಕೆಫೆಯಲ್ಲಿ ಕವಡೆಯ ಬದಲು ಪ್ಲಾಸ್ಟಿಕ್ ದಾಳ ಇಟ್ಟಿದ್ದಾರೆ. ಆರು ಮುಖದ ದಾಳದಲ್ಲಿ ಎಂಟು ಎಲ್ಲಿಂದ ಬೀಳಬೇಕು? ಅದಕ್ಕೆ 'ಬಾರ' ತೆಗೆದು ಹಾಕಿ ಬರೀ 'ಚೌಕ' ಉಳಿಸಿಕೊಂಡಿದ್ದಾರೆ. ಕಡಿಯುವುದು ಮಕ್ಕಳ ಮನಸ್ಸಿಗೆ ಹಿಂಸೆಯೆಂದು ಅದೂ ಇಲ್ಲ. ಎದುರಾಳಿಯ ಮನೆಗೆ ಹೋದರೆ ಇಬ್ಬರೂ ಹೈ-ಫೈವ್ ಮಾಡಿ ಅಲ್ಲೇ ಕೂರಬಹುದು. ಹೀಗೆ ಕಡಿಯದೆ, ಕಡಿಸಿಕೊಳ್ಳದೆ, ನಾಲ್ಕೂ ಜನ ನಲವತ್ತೈದು ನಿಮಿಷದ ಸ್ಲಾಟಿನೊಳಗೆ ನಡುಮನೆ ಸೇರಿ ನಾಲ್ಕೂ ಜನ ಗೆಲ್ಲುತ್ತಾರೆ. ಬಿಲ್ಲಿನಲ್ಲಿ ಮಾತ್ರ ಒಬ್ಬರು ಸೋಲುತ್ತಾರೆ. ಪಕ್ಕದ ಮೇಜಿನಲ್ಲಿ ಅಳಗುಳಿ ಮಣೆಯ ಗುಳಿಗಳಲ್ಲಿ ಕೆಚಪ್ ಮೇಯನೀಸ್ ಹಾಕಿಕೊಂಡು ಫ್ರೆಂಚ್ ಫ್ರೈಸ್ ಅದ್ದುತ್ತಿದ್ದಾರೆ. ಇದು ಮಾತ್ರ ಉಪಯೋಗದ ಆವಿಷ್ಕಾರ ಎಂದು ಒಪ್ಪಬೇಕು.

ಅಷ್ಟರಲ್ಲಿ ಬಿಸಿಲಿಗೆ ನಿಂತ ಕಾರಿನ ಡಿಕ್ಕಿಯಲ್ಲಿ ಅಕ್ಕನ ಗಣಪ ತನ್ನ ಕಾರ್ಯ ಮುಗಿಸಿದ್ದಾನೆ. ಸೊಂಡಿಲು ಡಬ್ಬಿಯ ಒಂದು ಮೂಲೆಯಲ್ಲಿ, ಬಲಗಿವಿ ಇನ್ನೊಂದರಲ್ಲಿ, ಹೊಟ್ಟೆಯ ಮೇಲೆ ಕುತ್ತಿಗೆಯಿಂದ ಹೊಕ್ಕುಳಿನ ತನಕ ಒಂದು ಬಿರುಕು. ಹಸಿ ಮಣ್ಣಿನ ಬಿರುಕಿಗೆ ಔಷಧಿ ಅದೇ ಮಣ್ಣು. ಒಡೆದ ಜಾಗವನ್ನು ಒದ್ದೆ ಬಟ್ಟೆಯಿಂದ ಮೆತ್ತಗೆ ಮಾಡಿ, ಗೀರಿ, ರಾಡಿ ತುಂಬಿ, ಮುಚ್ಚಿಡಬೇಕು. ಪೂರ್ತಿ ಒಣಗಿದ ಮೇಲೆ ಹಸಿ ಮಣ್ಣು ಮೆತ್ತಿದರೆ ನಿಲ್ಲುವುದಿಲ್ಲ, ಹಸಿಯದು ಕುಗ್ಗಿ ಕಳಚಿ ಬೀಳುತ್ತದೆ. ಮನೆಯ ಯಜಮಾನರು ಸೋಮವಾರ ಸ್ಟ್ಯಾಂಡಪ್ ಮೀಟಿಂಗ್ ಮುಗಿಸಿಕೊಂಡು ಫೆವಿಕ್ವಿಕ್ ತರುತ್ತಾರೆ. ಸೊಂಡಿಲಿಗೆ ಹಚ್ಚಿದ್ದು ಹೆಬ್ಬೆರಳಿಗೂ ಹತ್ತಿ, ಸ್ವಲ್ಪ ಹೊತ್ತು ದೇವರನ್ನು ಬಿಡಲಾಗದ ಪರಮಭಕ್ತರಾಗುತ್ತಾರೆ.

ಹಬ್ಬ ಬರುತ್ತದೆ, ಇಬ್ಬರು ಗಣಪರಿಗೂ ಪೂಜೆ, ಕಡುಬು ಆನ್‌ಲೈನ್. ಸಂಜೆ ಬಾಲ್ಕನಿಯಲ್ಲಿ ಬಕೆಟ್ ವಿಸರ್ಜನೆ. ಸುಡದ, ಬಣ್ಣ ಬಳಿಯದ ಮಣ್ಣಾದ್ದರಿಂದ ಅಕ್ಕನ ಗಣಪ ನೀರು ಕುಡಿಯುತ್ತಾ ಗುಳ್ಳೆ ಬಿಡುತ್ತಾ ರಾತ್ರಿಯೊಳಗೆ ಕರಗಿ ತಳ ಸೇರುತ್ತಾನೆ. ಫೆವಿಕ್ವಿಕ್ಕಿನ ಒಂದು ತೆಳು ಬಿಲ್ಲೆ ಮಾತ್ರ ಸೊಂಡಿಲಿದ್ದ ಜಾಗದ ಗುರುತಾಗಿ ಉಳಿಯುತ್ತದೆ. ತಮ್ಮನ ಗುಲಾಬಿ ಗಣಪ ಕರಗುವುದಿರಲಿ, ಮುಳುಗುವುದೂ ಇಲ್ಲ. "ಗಣಪತಿ ಬಪ್ಪಾ" ಎಂದು ಒಳಗೆ ಒತ್ತಿದರೆ "ಮೋರಯಾ" ಎನ್ನುವಷ್ಟರಲ್ಲಿ ಮೇಲೆ. ಮಗ್ಗಿನಿಂದ ಒತ್ತಿದರೂ ಅಷ್ಟೇ, ಜಾಲರಿ ಸೌಟು ಮೇಲಿಟ್ಟರೆ ಸೌಟೇ ವಾಲುತ್ತದೆ. ಮೂರನೇ ದಿನ ಬಟ್ಟೆ ನೆನೆಸಲು ಬಕೆಟ್ ಬೇಕು. ನಗುತ್ತಾ ತೇಲುತ್ತಿರುವವನನ್ನು ಕಸದ ಗಾಡಿಗೆ ಹಾಕಲು ಯಾರಿಗೂ ಧೈರ್ಯವಿಲ್ಲ.

ಕೊನೆಗೆ ಅಜ್ಜಿಯೇ ಸ್ಟೂಲ್ ತರಿಸಿ, ಮೊಮ್ಮಗಳನ್ನು ಹತ್ತಿಸಿ, ಅಟ್ಟದಿಂದ ವೆಟ್ ಗ್ರೈಂಡರಿನ ಡಬ್ಬ ಇಳಿಸಿದರು. ಥರ್ಮಾಕೋಲ್ ಬಿಚ್ಚಿ ಒಳಗಿನ ಕಲ್ಲನ್ನು ತೆಗೆದು ಗುಲಾಬಿ ಗಣಪನ ಮೇಲೆ ಮೆಲ್ಲಗೆ ಇಟ್ಟರು. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಆ ಕಲ್ಲು ಮೊದಲ ಸಲ ನೀರು ಕಂಡಿತು.