ಸುಮ್ನಿರಲಾರದೆ ಡ್ರೈವರ್ ಬಿಟ್ಕೊಂಡೆ

ನಮ್ಮನೆ ಕಂಪ್ಯೂಟರ್‌ಗೆ ವಯಸ್ಸಾಗಿದೆ. 2011ರಲ್ಲಿ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಒಂದೊಂದೇ ಭಾಗ ಆರಿಸಿ ಜೋಡಿಸಿಕೊಂಡು, ಬಸ್ಸಿನಲ್ಲಿ ತೊಡೆ ಮೇಲೆ ಕೂರಿಸಿಕೊಂಡು ಊರಿಗೆ ತಂದದ್ದು. ಆಗ ಅದರಲ್ಲಿ ವಿಂಡೋಸ್ 7 ಇತ್ತು, ಈಗ ವಿಂಡೋಸ್ 10 ಇದೆ. ಗೇಮ್ ಆಡೋಕೆ ಅಂತ ಹಾಕಿಸಿದ್ದ, ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡ್ ಇನ್ನೂ ಗಟ್ಟಿಮುಟ್ಟಾಗಿದೆ. ಗೇಮ್ ಆಡುತ್ತಿದ್ದವನಿಗೆ ಸೊಂಟನೋವು. ಹಾಗಾಗಿ ಕಂಪ್ಯೂಟರ್ ಅಪ್ಪನ ಪಾಲಾಗಿದೆ. ತಮ್ಮ ಮೇಷ್ಟ್ರಗಿರಿಯ ನೆನಪುಗಳನ್ನು ನುಡಿ ತಂತ್ರಾಂಶದಲ್ಲಿ ದಿನಕ್ಕೆ ಎರಡು ಪುಟ ಟೈಪ್ ಮಾಡುತ್ತಾರೆ, ಒಂದೇ ಬೆರಳಲ್ಲಿ.

ಅದರ ಪಾಡಿಗೆ ಅದು ಚೆನ್ನಾಗೇ ಓಡುತ್ತಿತ್ತು. ಒಂದು ಭಾನುವಾರ ಊಟ ಆದಮೇಲೆ ನನಗೆ ನಿದ್ದೆ ಬರಲಿಲ್ಲ ನೋಡಿ, ಅಲ್ಲೇ ಎಡವಟ್ಟಾಯಿತು. ಎಲ್ಲಿಂದಲೋ ಇಳಿಸಿಕೊಂಡ ಪುಕ್ಕಟೆ ಸಾಫ್ಟ್‌ವೇರ್ ಒಂದು ಕಂಪ್ಯೂಟರನ್ನೆಲ್ಲ ತಡಕಾಡಿ, ‘ನಿಮ್ಮ 14 ಡ್ರೈವರ್‌ಗಳು ಹಳತಾಗಿವೆ’ ಅಂತ ಕೆಂಪಕ್ಷರದಲ್ಲಿ ಹೆದರಿಸಿತು. ನನ್ನ ರಕ್ತಪರೀಕ್ಷೆ ರಿಪೋರ್ಟಿನಲ್ಲೂ ಅಷ್ಟು ಕೆಂಪು ಕಂಡಿರಲಿಲ್ಲ. ಡ್ರೈವರ್ ಅಂದರೆ ಕಂಪ್ಯೂಟರಿನ ಒಂದೊಂದು ಭಾಗವನ್ನೂ ವಿಂಡೋಸ್ ಹೇಳಿದಂತೆ ಓಡಿಸುವ ಪುಟ್ಟ ತಂತ್ರಾಂಶ. ‘ಎಲ್ಲವನ್ನೂ ಸರಿಪಡಿಸು’ ಬಟನ್ ಒತ್ತಿಯೇಬಿಟ್ಟೆ.

ಡಿಸ್‌ಪ್ಲೇ ಡ್ರೈವರ್, ಅಂದರೆ ಗ್ರಾಫಿಕ್ಸ್ ಕಾರ್ಡಿನದ್ದು, ಹಾಕುವಾಗ ಪರದೆ ಒಂದೆರಡು ಸೆಕೆಂಡ್ ಕಪ್ಪಾಗೋದು ಮಾಮೂಲು. ಎರಡು ಸೆಕೆಂಡ್ ಕಾದೆ. ಎರಡು ನಿಮಿಷ ಕಾದೆ. ಹೋಗಿ ಕಾಫಿ ಕುಡಿದು ಬಂದೆ. ಕಪ್ಪು ಕಪ್ಪಾಗೇ ಇತ್ತು.

ಆಫ್ ಮಾಡಿ ಆನ್ ಮಾಡಿದರೆ ವಿಂಡೋಸ್ ಚಿಹ್ನೆ ಬರುತ್ತೆ, ಚುಕ್ಕಿಗಳು ಸುತ್ತುತ್ತವೆ, ಆಮೇಲೆ ಮತ್ತೆ ಅಮಾವಾಸ್ಯೆ. ಚಿಹ್ನೆ ಕಾಣ್ತಿದೆ ಅಂದರೆ ಕೇಬಲ್ಲು, ಮಾನಿಟರ್ರು ನೆಟ್ಟಗಿವೆ, ಹೊಸ ಡ್ರೈವರ್ ಎದ್ದು ಕೂತಾಗಲೇ ದೀಪ ಆರುತ್ತಿದೆ ಅಂತ ಅರ್ಥ. ಇದು ನನಗೆ ಹೊಳೆದದ್ದು ನೀಲಿ ಕೇಬಲ್ಲಿನ ಎರಡೂ ಸ್ಕ್ರೂ ಬಿಚ್ಚಿ, ಊದಿ, ಮತ್ತೆ ಹಾಕಿದ ಮೇಲೆ. ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ, ನಾಲ್ಕೂ ಒಟ್ಟಿಗೆ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಶುರುವಾಗುತ್ತೆ. ಒತ್ತಿದೆ. ಬೀಪ್ ಅಂದಿತು ಅಷ್ಟೇ.

“ಏನಾಯ್ತೋ?” ಅಂತ ಅಮ್ಮ ಬಂದರು.

“ಡ್ರೈವರ್ ಬದಲಾಯಿಸಿದೆ ಅಮ್ಮ. ಹೊಸದು ಈ ಕಾರ್ಡಿಗೆ ಹೊಂದುತ್ತಿಲ್ಲ.”

“ಹಳೇ ಗಾಡಿಗೆ ಹಳೇ ಡ್ರೈವರೇ ಸರಿ ಕಣೋ. ಅದರ ಕ್ಲಚ್ಚು ಅವನಿಗಷ್ಟೇ ಗೊತ್ತಿರುತ್ತೆ.”

ಅಮ್ಮ ತಮಾಷೆ ಮಾಡಿದ್ದಲ್ಲ. ಆದರೂ ಅವತ್ತು ಮೊಬೈಲಿನಲ್ಲಿ ನಾನು ಹುಡುಕಿ ಓದಿದ ಯಾವ ಸಲಹೆಯೂ ಇಷ್ಟು ಸ್ಪಷ್ಟವಾಗಿರಲಿಲ್ಲ.

ವಿಂಡೋಸ್ 7 ಕಾಲದಲ್ಲಿ ಎಫ್8 ಒತ್ತಿದರೆ, ತೀರಾ ಬೇಕಾದ ಡ್ರೈವರ್‌ಗಳಿಂದಷ್ಟೇ ಕಂಪ್ಯೂಟರ್ ಏಳುವ ಸೇಫ್ ಮೋಡ್ ಸಿಗುತ್ತಿತ್ತು. ಈಗ ಚಿಹ್ನೆ ಬಂದ ಕೂಡಲೇ ಪವರ್ ಬಟನ್ ಅದುಮಿ ಹಿಡಿದು ಆರಿಸಬೇಕು. ಹೀಗೆ ಎರಡು ಮೂರು ಸಲ ಕತ್ತು ಹಿಸುಕಿದರೆ ಅದಕ್ಕೇ ಅನುಮಾನ ಬಂದು ರಿಪೇರಿ ಪುಟ ತೋರಿಸುತ್ತೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ಅಂತ ಬಾಗಿಲು ದಾಟಿ ದಾಟಿ ಹೋಗಿ 4 ಒತ್ತಿದೆ. ಪರದೆ ಬಂತು! ಚಪ್ಪರದ ಕಂಬಕ್ಕೆ ಬಾಳೆಕಂದು ಕಟ್ಟಿದ ಹಾಗೆ ನಾಲ್ಕೂ ಮೂಲೆಯಲ್ಲಿ ‘ಸೇಫ್ ಮೋಡ್’.

ಡಿವೈಸ್ ಮ್ಯಾನೇಜರ್ ತೆರೆದು ಗ್ರಾಫಿಕ್ಸ್ ಕಾರ್ಡಿನ ಹೆಸರಿನ ಮೇಲೆ ಒತ್ತಿದೆ. ‘ರೋಲ್ ಬ್ಯಾಕ್ ಡ್ರೈವರ್’ ಬಟನ್ ಇತ್ತು, ಆದರೆ ಬೂದಿ ಬಣ್ಣಕ್ಕೆ ತಿರುಗಿ ಮುಖ ತಿರುಗಿಸಿಕೊಂಡಿತ್ತು. ಹಿಂದಿನ ಡ್ರೈವರ್ ಉಳಿದಿದ್ದರೆ ತಾನೇ ಹಿಂದೆ ಹೋಗೋದು? ಸರಿ, ಕಂಪ್ಯೂಟರನ್ನು ಹಿಂದಿನ ಸ್ಥಿತಿಗೆ ಒಯ್ಯುವ ರಿಸ್ಟೋರ್ ಪಾಯಿಂಟ್? ಜಾಗ ಉಳಿಸ್ತೀನಿ ಅಂತ ಅದನ್ನು ಆಫ್ ಮಾಡಿಟ್ಟಿದ್ದ ಜಾಣ ನಾನೇ.

ಹೊಸ ಡ್ರೈವರನ್ನೇ ಕಿತ್ತುಹಾಕಿದೆ. ರೀಸ್ಟಾರ್ಟ್. ಮತ್ತೆ ಅಮಾವಾಸ್ಯೆ! ಅನ್‌ಇನ್‌ಸ್ಟಾಲ್ ಮಾಡುವಾಗ ಅಲ್ಲೊಂದು ಚಿಕ್ಕ ಚೌಕ ಇರುತ್ತೆ, ಡ್ರೈವರ್ ಫೈಲನ್ನೂ ಅಳಿಸಲೇ ಅಂತ ಕೇಳುತ್ತೆ. ಅದಕ್ಕೆ ಟಿಕ್ ಹಾಕದಿದ್ದರೆ ವಿಂಡೋಸ್ ತನ್ನ ಉಗ್ರಾಣದಿಂದ ಅದೇ ಪುಣ್ಯಾತ್ಮನನ್ನು ಕರೆತಂದು ಕೂರಿಸುತ್ತೆ. ಮತ್ತೆ ಕತ್ತು ಹಿಸುಕಿ, ಮತ್ತೆ 4 ಒತ್ತಿ, ಈ ಸಲ ಟಿಕ್ ಹಾಕಿದೆ. ಇಂಟರ್ನೆಟ್ ಕೇಬಲನ್ನೂ ಕಿತ್ತೆ, ಇಲ್ಲದಿದ್ದರೆ ತಾನೇ ಹೋಗಿ ಇನ್ನೊಬ್ಬನನ್ನು ಹುಡುಕಿ ತಂದರೆ ಕಷ್ಟ. ವಿಂಡೋಸ್‌ನ ಬೇಸಿಕ್ ಡಿಸ್‌ಪ್ಲೇ ಡ್ರೈವರ್ ಮೇಲೆ ಕಂಪ್ಯೂಟರ್ ಎದ್ದು ನಿಂತಿತು. ಎಲ್ಲವೂ ದಪ್ಪ ದಪ್ಪ. ಒಂದೊಂದು ಐಕಾನ್ ಕೋಡುಬಳೆ ಗಾತ್ರ.

ಹಳೇ ಡ್ರೈವರಿನ ಸಿಡಿ ಅಟ್ಟದ ಮೇಲೆ, ದಸರಾ ಬೊಂಬೆ ಪೆಟ್ಟಿಗೆ ಕೆಳಗೆ ಸಿಕ್ಕಿತು. ಆದರೆ ಸಿಡಿ ಡ್ರೈವ್ ಬಾಯಿ ಬಿಡಲಿಲ್ಲ. ಮುಂದುಗಡೆ ಸಣ್ಣ ತೂತಿದೆಯಲ್ಲ, ಅದಕ್ಕೆ ಅಮ್ಮನ ಸೇಫ್ಟಿ ಪಿನ್ ಬಿಡಿಸಿ ತೂರಿಸಿದೆ, ಡೊಂಕಾಯಿತು. ಪೇಪರ್ ಕ್ಲಿಪ್ ನೆಟ್ಟಗೆ ಮಾಡಿ ಒತ್ತಿದಾಗ ಒಳಗೆ ‘ಟಕ್’ ಅಂದು ಟ್ರೇ ಒಂದು ಬೆರಳಷ್ಟು ಈಚೆ ಬಂತು. ಒಳಗಿದ್ದದ್ದು ನಮ್ಮ ಮದುವೆ ಸಿಡಿ. ಎಷ್ಟು ವರ್ಷದಿಂದ ಹುಡುಕ್ತಿದ್ದೆವೋ!

ಇಷ್ಟೆಲ್ಲ ಆಗಿ ಡ್ರೈವರ್ ಸಿಡಿಯಲ್ಲಿ ಇದ್ದದ್ದು ವಿಂಡೋಸ್ 7ರದ್ದು. ಕಾರ್ಡ್ ಹಳತಾದ ಮೇಲೆ ಕಂಪನಿಗಳು ಅದಕ್ಕೆ ಹೊಸ ಡ್ರೈವರ್ ಮಾಡೋದು ನಿಲ್ಲಿಸುತ್ತವೆ. ಕೊನೆಗೆ ಮಾಡಿದ್ದು ಮಾತ್ರ ಅವರ ವೆಬ್‌ಸೈಟಿನಲ್ಲಿ ಇರುತ್ತೆ, ಅದನ್ನೇ ಹಾಕಿಕೊಂಡು ತೆಪ್ಪಗಿರಬೇಕು. ಮೊಬೈಲಿನಲ್ಲಿ ಡೌನ್‌ಲೋಡಿಗಿಟ್ಟು ರಾತ್ರಿ ಹನ್ನೆರಡಕ್ಕೆ ಮಲಗಿದೆ.

ಬೆಳಿಗ್ಗೆ ಎಂಟಕ್ಕೆ ಫೈಲನ್ನು ಕಂಪ್ಯೂಟರಿಗೆ ದಾಟಿಸಿ ಹಾಕಿದೆ. ಪರದೆ ಎರಡು ಸೆಕೆಂಡ್ ಕಪ್ಪಾಯಿತು, ನನ್ನ ಉಸಿರೂ ನಿಂತಿತು, ಬಂತು. ಚೊಕ್ಕ, ಚೂಪು. ವರ್ಷನ್ ಸಂಖ್ಯೆಯನ್ನು ಕ್ಯಾಲೆಂಡರಿನ ಹಿಂದೆ ಬರೆದಿಟ್ಟು, ರಿಸ್ಟೋರ್ ಪಾಯಿಂಟನ್ನೂ ಮಾಡಿ, ಆ ಪುಕ್ಕಟೆ ಸಾಫ್ಟ್‌ವೇರನ್ನು ಅಳಿಸಿ, ಗೆದ್ದವನ ಹಾಗೆ ಅಪ್ಪನನ್ನು ಕರೆದೆ.

ಅಪ್ಪ ಕುರ್ಚಿಯಲ್ಲಿ ಕೂತು, ಕನ್ನಡಕ ಮೇಲೆ ಕೆಳಗೆ ಮಾಡಿ ನೋಡಿದರು.

“ಏನೋ ಇದು, ಅಕ್ಷರ ಎಲ್ಲ ಮತ್ತೆ ಸಣ್ಣ ಮಾಡಿಬಿಟ್ಟಿದ್ದೀಯ? ಬೆಳಿಗ್ಗೆ ಐದಕ್ಕೆ ಕೂತು ಕನ್ನಡಕ ಇಲ್ಲದೇ ನಾಲ್ಕು ಪುಟ ಟೈಪ್ ಮಾಡಿದೆ. ಅದೇ ಚೆನ್ನಾಗಿತ್ತು, ಹಾಗೇ ಮಾಡಿಕೊಡು.”