ಸ್ಫೂರ್ತಿದೇವತೆಯ ದಿನಗೂಲಿ

ಕಲಾಕೃತಿಗಳ ದೊಡ್ಡ ಹರಾಜು ನಡೆದ ಮರುದಿನ ಪೇಪರ್ ಬಿಡಿಸಿದರೆ ಸಾಕು, ಚಿತ್ರದ ಕೆಳಗೆ ಆ ಪದ ಹಾಜರು: ‘ಕಲಾವಿದನ ಸ್ಫೂರ್ತಿದೇವತೆ’, ಅಂದರೆ ಚಿತ್ರಕ್ಕೆ ಮಾಡೆಲ್ ಆಗಿ ಕೂತವಳು. ಒಮ್ಮೆ ದೇವತೆ ಅಂದುಬಿಟ್ಟರೆ ಮುಗಿಯಿತು, ಆಮೇಲೆ ಸಂಬಳ ಕೇಳುವಂತಿಲ್ಲ. ನಮ್ಮ ಕಡೆಯ ದೇವತೆಗಾದರೆ ಹಣ್ಣು-ಕಾಯಿಯಾದರೂ ಉಂಟು. ಲಂಡನ್ನಿನ ದೇವತೆ ಸೂ ಟಿಲ್ಲಿಗೆ ಸಿಕ್ಕಿದ್ದು ದಿನಕ್ಕೆ 20 ಪೌಂಡ್.

ಬ್ರಿಟಿಷ್ ಚಿತ್ರಕಾರ ಲೂಸಿಯನ್ ಫ್ರಾಯ್ಡ್‌ಗೆ ಮಾಡೆಲ್ ಆಗಿದ್ದವರು ಈ ಸೂ ಟಿಲ್ಲಿ. ಆಕೆ ಕೆಲಸವಿಲ್ಲದವರಿಗೆ ಸರ್ಕಾರಿ ಭತ್ಯೆ ಕೊಡುವ ಕಚೇರಿಯಲ್ಲಿದ್ದವರು. ಆದ್ದರಿಂದ ಚಿತ್ರದ ಹೆಸರು ‘ಬೆನಿಫಿಟ್ಸ್ ಸೂಪರ್‌ವೈಸರ್ ಸ್ಲೀಪಿಂಗ್’, ಅಂದರೆ ನಿದ್ದೆಯಲ್ಲಿರುವ ಭತ್ಯೆ ಮೇಲ್ವಿಚಾರಕಿ. ಹೆಸರಿಲ್ಲ, ಹುದ್ದೆ ಮಾತ್ರ. ಅದಕ್ಕೂ ಮುಂಚಿನ 1993ರ ಚಿತ್ರದಲ್ಲಿ ಆಕೆಗೆ ಮಲಗಲು ಬರೀ ನೆಲ, ಆಮೇಲೆ ಸೋಫಾ. ಬಡ್ತಿ ಅಂದರೆ ಇದು! 1995ರಲ್ಲಿ ಮುಗಿದ ‘ಸ್ಲೀಪಿಂಗ್’ ಚಿತ್ರ ತೆಗೆದುಕೊಂಡದ್ದು ಸುಮಾರು ಒಂಬತ್ತು ತಿಂಗಳು. ಹೊತ್ತವಳು ಒಬ್ಬಳು, ಬಾಣಂತನದ ತುಪ್ಪ ತಿಂದವರು ಬೇರೆ. 2008ರಲ್ಲಿ ನ್ಯೂಯಾರ್ಕಿನಲ್ಲಿ ಅದು 3 ಕೋಟಿ 36 ಲಕ್ಷ ಡಾಲರಿಗೆ ಹೋಯಿತು. ಅದರ ಅಕ್ಕ, ಅದೇ ಸೂ ಟಿಲ್ಲಿಯ 1994ರ ಚಿತ್ರ, 2015ರಲ್ಲಿ 5 ಕೋಟಿ 61 ಲಕ್ಷಕ್ಕೆ.

‘ಮಲಗಿರೋದು ತಾನೆ, ಅದೇನು ಮಹಾ ಕೆಲಸ?’ ಅನ್ನುವವರು ದಯವಿಟ್ಟು ಮನೆಯ ಸೋಫಾದಲ್ಲೇ ಒಮ್ಮೆ ಮಾಡಿ ನೋಡಬೇಕು. ಮಾಮೂಲಿ ಲೆಕ್ಕ ಇಪ್ಪತ್ತು ನಿಮಿಷ ಭಂಗಿ, ಐದು ನಿಮಿಷ ಬಿಡುವು. ಏಳುವ ಮುಂಚೆ ಹಿಮ್ಮಡಿ, ಮೊಣಕೈ, ಸೊಂಟದ ಸುತ್ತ ಸೀಮೆಸುಣ್ಣದ ಗೆರೆ ಎಳೆಯಬೇಕು, ಇಲ್ಲವೇ ಟೇಪ್ ಅಂಟಿಸಬೇಕು. ತಪ್ಪಿದರೆ ಮತ್ತೆ ಮಲಗಿದಾಗ ತೊಡೆ ಎರಡು ಬೆರಳು ಆಚೆ ಹೋಗಿ, ಹಿಂದಿನ ವಾರ ಬರೆದ ನೆರಳೆಲ್ಲ ಸುಳ್ಳಾಗುತ್ತದೆ. ಮೈಗೆ ಗೆರೆ ಎಳೆಯಬಹುದು, ಕೆಳಗಿನ ಬಟ್ಟೆಯ ನಿರಿಗೆಗೆ? ಎದ್ದರೆ ಅದು ಹೋಯಿತೇ. ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತರೆ ಹತ್ತು ನಿಮಿಷದೊಳಗೆ ಜೋಮು. ಮಂಡಿ ಬಿಗಿಹಿಡಿದು ನಿಂತರೆ ರಕ್ತ ಕಾಲಿನಲ್ಲೇ ನಿಂತು ಕಣ್ಣು ಕತ್ತಲೆ ಬಂದು ಬೀಳುವುದೂ ಉಂಟು. ಕೈ ಎತ್ತಿ ಹಿಡಿಯಬೇಕಿದ್ದರೆ ಪಳಗಿದವರು ಕೋಲನ್ನೋ ತೂಗುಬಿಟ್ಟ ಹಗ್ಗವನ್ನೋ ಕೇಳುತ್ತಾರೆ. ಹೊಸಬರು ‘ಪರವಾಗಿಲ್ಲ’ ಅಂದು ಸಂಜೆ ಭುಜಕ್ಕೆ ಎಣ್ಣೆ ತಿಕ್ಕುತ್ತಾರೆ. ಹೀಟರ್ ಒಂದು ಪಕ್ಕವನ್ನು ಬೇಯಿಸುತ್ತದೆ, ಇನ್ನೊಂದು ಪಕ್ಕ ನವಿರೆದ್ದಿರುತ್ತದೆ. ಬೆಂದ ಪಕ್ಕ ಕೆಂಪಾದರೆ ‘ಆಹಾ, ಎಂಥ ಬಣ್ಣ!’ ಎಂದು ಚಿತ್ರಕಾರನಿಗೆ ಸಂಭ್ರಮ. ಚಿತ್ರ ಮುಗಿಯುವತನಕ ಬಿಸಿಲಿಗೆ ಕಪ್ಪಾಗುವಂತಿಲ್ಲ, ಕೂದಲು ಕತ್ತರಿಸುವಂತಿಲ್ಲ, ಸೊರಗುವಂತಿಲ್ಲ.

ಚಿತ್ರಕಾರರೇ ಈ ಕಡೆ ಕೂತರೆ ಹೇಗಿರುತ್ತದೆ ಅನ್ನುವುದಕ್ಕೂ ಪುರಾವೆ ಇದೆ. ಇನ್ನೊಬ್ಬ ಬ್ರಿಟಿಷ್ ಚಿತ್ರಕಾರ ಡೇವಿಡ್ ಹಾಕ್ನಿ ಫ್ರಾಯ್ಡನ ಮುಂದೆ ನೂರು ಗಂಟೆಗೂ ಮಿಕ್ಕಿ ಕೂತರು. ಪ್ರತಿಯಾಗಿ ಫ್ರಾಯ್ಡ್ ಹಾಕ್ನಿಗೆ ಕೊಟ್ಟದ್ದು ಬೆರಳೆಣಿಕೆಯ ಗಂಟೆಗಳು. ಕೂರುವುದು ಎಷ್ಟು ಕಷ್ಟ ಅಂತ ಆತನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ನಮ್ಮ ಚಿತ್ರಸಂತೆಯಲ್ಲಿ ಕೂರುವವರೇ ದುಡ್ಡು ಕೊಡುತ್ತಾರೆ, ನಿಜ. ಆದರೆ ಚಿತ್ರ ಸುತ್ತಿಕೊಂಡು ಮನೆಗೆ ಹೋಗುತ್ತಾರೆ.

ಕಾನೂನಿನ ಕರುಣೆಯನ್ನೂ ಹೊಗಳಬೇಕು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 53ಎ ಕಲಂ ಪ್ರಕಾರ ಚಿತ್ರ ಹತ್ತು ಸಾವಿರ ರೂಪಾಯಿಗಿಂತ ಹೆಚ್ಚಿಗೆ ಮರುಮಾರಾಟವಾದರೆ ಅದರಲ್ಲಿ ಕಲಾವಿದನಿಗೆ ಪಾಲು, ಶೇ. 10 ಮೀರದಂತೆ. ಆತ ಸತ್ತಿದ್ದರೆ ವಾರಸುದಾರರಿಗೆ. ಬ್ರಿಟನ್ನಿನಲ್ಲೂ 2006ರಿಂದ ಇಂಥದೇ ಹಕ್ಕಿದೆ, 12,500 ಪೌಂಡ್ ಮಿತಿಯೊಳಗೆ. ಕುಂಚ ಮುಟ್ಟದ ಮೊಮ್ಮಗನಿಗೂ ಪಾಲು ಬರಬಹುದು. ಒಂಬತ್ತು ತಿಂಗಳು ಮೈ ಒಡ್ಡಿದವಳಿಗೆ ಇಲ್ಲ. ಇದರಲ್ಲಿ ತಮಾಷೆ ಮಾಡಲು ಏನೂ ಉಳಿದಿಲ್ಲ. ಮೈ ಆಕೆಯದು, ನೋವು ಆಕೆಯದು, ಆ ದಿನಗಳೂ ಆಕೆಯವು. ಕೂಲಿ ಅನ್ನಲು ನಾಚಿಕೆಯಾಗಿ ಸ್ಫೂರ್ತಿ ಅನ್ನುತ್ತಾರೆ, ಅಷ್ಟೆ.

ಪ್ಯಾರಿಸ್‌ನಲ್ಲಿ ಒಂದು ಪದ್ಧತಿಯಿತ್ತು. ಚಿತ್ರ ಕಲಿಸುವ ತರಗತಿ ಮುಗಿದ ಮೇಲೆ ಡ್ರಾಯಿಂಗ್ ಹಾಳೆಯನ್ನು ಕಡಲೆಕಾಯಿ ಪೊಟ್ಟಣದ ಹಾಗೆ ಸುತ್ತಿ, ಕಲಿಯುವವರು ಅದರಲ್ಲಿ ಮಾಡೆಲ್‌ಗೆ ಚಿಲ್ಲರೆ ಹಾಕುವುದು. 2008ರಲ್ಲಿ ನಗರಾಡಳಿತ ತನ್ನ ತರಗತಿಗಳಲ್ಲಿ ಆ ಪೊಟ್ಟಣವನ್ನೂ ನಿಷೇಧಿಸಿತು. ಡಿಸೆಂಬರ್ ಚಳಿಯಲ್ಲಿ ಮಾಡೆಲ್‌ಗಳು ಸಂಸ್ಕೃತಿ ಇಲಾಖೆಯ ಕಚೇರಿ ಮುಂದೆ ಬಟ್ಟೆ ಬಿಚ್ಚಿ ನಿಂತರು. ಒಂದು ಪಕ್ಕ ಬೇಯಿಸುವ ಹೀಟರೂ ಇರಲಿಲ್ಲ.