ಸ್ವಲ್ಪ ನ್ಯಾಚುರಲ್ ಆಗಿ ನಿಲ್ಲಿ ಮಾವ!

ಕ್ಯಾಮೆರಾ ಕೊಂಡ ಹೊಸದರಲ್ಲಿ ನಾನು ತೆಗೆದ ಫೋಟೋಗಳನ್ನು ಸಾಲಾಗಿ ಅಂಟಿಸಿದರೆ ಪೊಲೀಸ್ ಠಾಣೆಯ ಗೋಡೆಗೆ ಚೆನ್ನಾಗಿ ಒಪ್ಪುತ್ತವೆ. ಅಜ್ಜಿಯಿಂದ ಹಿಡಿದು ಪಕ್ಕದ ಮನೆಯ ಹುಡುಗನವರೆಗೆ ಎಲ್ಲರ ಮುಖದಲ್ಲೂ ಒಂದೇ ಭಾವ: ನಾನಲ್ಲ ಸ್ವಾಮಿ, ಆವತ್ತು ನಾನು ಊರಲ್ಲೇ ಇರಲಿಲ್ಲ.

ತಪ್ಪು ಅವರದೇ ಅಂತ ಬಹಳ ದಿನ ನಂಬಿದ್ದೆ. ನಮ್ಮ ಮಾವನನ್ನೇ ನೋಡಿ. ಐದು ನಿಮಿಷದ ಹಿಂದೆ ಕೈ ಬೀಸಿ ಬೀಸಿ ಹರಟುತ್ತಿದ್ದ ಮನುಷ್ಯ ಕ್ಯಾಮೆರಾ ಎತ್ತಿದ ಕೂಡಲೇ ಕಂಬ. ಎದೆ ಉಬ್ಬಿಸಿ, ಉಸಿರು ಕಟ್ಟಿ, ಎರಡೂ ಕೈಗಳನ್ನು ಯಾರಿಂದಲೋ ಕಡ ತಂದವರ ಹಾಗೆ ಜೋಪಾನವಾಗಿ ಹಿಡಿದುಕೊಂಡು ನಿಲ್ಲುತ್ತಿದ್ದರು.

"ಮಾವ, ಸ್ವಲ್ಪ ನ್ಯಾಚುರಲ್ ಆಗಿ ನಿಲ್ಲಿ!"

ಅವರು ಇನ್ನೂ ಒಂದು ಸುತ್ತು ಬಿಗಿಯಾಗುತ್ತಿದ್ದರು. ಒಂದು ದಿನ ಸಹನೆ ಕೆಟ್ಟು ಕೇಳಿಯೇ ಬಿಟ್ಟರು. "ನ್ಯಾಚುರಲ್ ಅಂದ್ರೆ ಹೇಗೋ? ಎಲ್ಲಿ, ನೀನು ನಿಂತು ತೋರ್ಸು."

ತೋರಿಸಲು ಹೋದೆ. ನನ್ನ ಕೈಗಳನ್ನು ಎಲ್ಲಿಡಬೇಕು ಅಂತ ನನಗೇ ಗೊತ್ತಾಗಲಿಲ್ಲ. ಮಗುವಿಗೆ "ನಿದ್ದೆ ಮಾಡು, ಬೇಗ ಮಾಡು" ಅಂತ ಗದರಿದರೆ ನಿದ್ದೆ ಬರುತ್ತದಾ? ಇದೂ ಹಾಗೇ.

ನ್ಯಾಯವಾಗಿ ಹೇಳಬೇಕೆಂದರೆ ಮಾವ ಹಳೆಯ ಸಂಪ್ರದಾಯದವರು. 1839ರಲ್ಲಿ ಡಗೇರೋಟೈಪ್ ಅನ್ನುವ ಆರಂಭದ ಫೋಟೋ ವಿಧಾನ ಬಂದಾಗ ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಬೆಳಕು ಬೇಕಿತ್ತು. ಅಲ್ಲಾಡಿದರೆ ಮುಖವೇ ಕಲಸಿಹೋಗುತ್ತಿತ್ತು. ಅದಕ್ಕೆ ಕುಳಿತವರ ತಲೆ ಅಲುಗದ ಹಾಗೆ ಹಿಂದಿನಿಂದ ಕಬ್ಬಿಣದ ಹಿಡಿಕೆ ಕೊಡುತ್ತಿದ್ದರು. ಈಗ ಸೆಕೆಂಡಿನ ಇನ್ನೂರನೇ ಒಂದು ಭಾಗ ಸಾಕು. ಈ ಸುದ್ದಿ ಮಾವನಿಗೆ ಮಾತ್ರ ಇನ್ನೂ ಮುಟ್ಟಿಲ್ಲ.

ಸರಿ, ನಗಿಸೋಣ ಅಂತ "ಚೀಸ್ ಅನ್ನಿ" ಎಂದೆ. "ಈ" ಅಂದಾಗ ತುಟಿ ಎರಡೂ ಕಡೆ ಹಿಗ್ಗುತ್ತದೆ, ನಕ್ಕ ಹಾಗೆ ಕಾಣುತ್ತದೆ. ಇಷ್ಟೇ ಅದರ ಗುಟ್ಟು. ಮಾವ ನಿಷ್ಠಾವಂತರು. ನಾನು ಫೋಕಸ್ ಹುಡುಕುವಷ್ಟು ಹೊತ್ತೂ "ಚೀಈಈಈ" ಅಂತ ಎಳೆದರು. ಉಸಿರು ಮುಗಿದು "ಸ್" ಬರುವ ಹೊತ್ತಿಗೆ ನಾನು ಕ್ಲಿಕ್ ಮಾಡಿದೆ. ಫೋಟೋದಲ್ಲಿ ಅವರು ಸೈಕಲ್ ಟ್ಯೂಬಿನಿಂದ ಗಾಳಿ ಹೋದಂತೆ ಇದ್ದಾರೆ.

ಬಾಯಿ ಮಾತ್ರ ನಕ್ಕರೆ ಸಾಲದು ಅಂತ ಆಮೇಲೆ ಓದಿದೆ. ಡ್ಯೂಶೆನ್ ಅನ್ನುವ ಫ್ರೆಂಚ್ ವೈದ್ಯ ಜನರ ಮುಖದ ಸ್ನಾಯುಗಳಿಗೆ ವಿದ್ಯುತ್ ಹರಿಸಿ, ಏನೇನು ಭಾವ ಮೂಡುತ್ತದೆ ಅಂತ ಪರೀಕ್ಷೆ ಮಾಡಿ 1862ರಲ್ಲಿ ಪ್ರಕಟಿಸಿದ್ದ. ತುಟಿಯ ಅಂಚನ್ನು ನಾವು ಬೇಕೆಂದಾಗ ಎಳೆಯಬಹುದು. ಆದರೆ ನಿಜವಾಗಿ ಖುಷಿಯಾದಾಗ ಕಣ್ಣಿನ ಸುತ್ತಲಿನ ಸ್ನಾಯುವೂ ಬಿಗಿಯುತ್ತದೆ, ಅದು ಸುಲಭಕ್ಕೆ ಹೇಳಿದ ಮಾತು ಕೇಳುವುದಿಲ್ಲ. ಅಂದರೆ ಖುಷಿ ಪಡಿಸಬೇಕು, ಇಲ್ಲಾ ಕರೆಂಟು ಹೊಡೆಸಬೇಕು. ಮಾವನನ್ನು ನೋಡುತ್ತಾ ಒಂದೆರಡು ಸಲ ನನಗೆ ಎರಡನೆಯದೇ ಸುಲಭ ಅನ್ನಿಸಿದ್ದುಂಟು.

ಮುಂದೆ ನಾನು ಮಹಾನ್ ಛಾಯಾಗ್ರಾಹಕರ ದಾರಿ ಹಿಡಿದೆ. ಅದೇ ತಪ್ಪಾಗಿದ್ದು.

1941ರ ಡಿಸೆಂಬರ್ 30ರಂದು ಕೆನಡಾದ ಒಟ್ಟಾವಾದಲ್ಲಿ ಛಾಯಾಗ್ರಾಹಕ ಯೂಸುಫ್ ಕಾರ್ಶ್ ಅವರು ಬ್ರಿಟನ್ ಪ್ರಧಾನಿ ಚರ್ಚಿಲ್ ಫೋಟೋ ತೆಗೆಯಬೇಕಿತ್ತು. ಚರ್ಚಿಲ್ ಬಾಯಿಂದ ಚುಟ್ಟಾ ಬಿಡಲಿಲ್ಲ. ಕಾರ್ಶ್ ಸೀದಾ ಹೋಗಿ ಚುಟ್ಟಾ ಕಿತ್ತುಕೊಂಡು, ವಾಪಸ್ ಬಂದು ಕ್ಲಿಕ್ ಮಾಡಿದರು. ಚರ್ಚಿಲ್ ದುರುಗುಟ್ಟಿದ ಆ ಚಿತ್ರ ಲೋಕಪ್ರಸಿದ್ಧವಾಯಿತು. ಮಾವ ಚುಟ್ಟಾ ಸೇದುವುದಿಲ್ಲ, ಆದರೆ ಮೊಬೈಲ್ ಬಿಡುವುದಿಲ್ಲ. ಸೀದಾ ಹೋದೆ, ಕಿತ್ತುಕೊಂಡೆ, ವಾಪಸ್ ಬಂದು ಕ್ಲಿಕ್ ಮಾಡಿದೆ. ಅದ್ಭುತವಾದ ಭಾವ ಬಂತು. ಜೊತೆಗೆ ಮೊಬೈಲಿನಿಂದ "ಹಲೋ? ಹಲೋ?" ಅಂತ ಅತ್ತೆಯ ದನಿಯೂ ಬಂತು. ಮಾತು ಅರ್ಧಕ್ಕೇ ನಿಂತದ್ದಕ್ಕೆ ವಿವರಣೆ ಕೊಡಬೇಕಾಗಿ ಬಂದದ್ದು ಮಾವನಿಗೆ, ನನಗಲ್ಲ.

ಫಿಲಿಪ್ ಹಾಲ್ಸ್‌ಮನ್ ಅಂತ ಇನ್ನೊಬ್ಬರು. ನಟಿ ಮರ್ಲಿನ್ ಮನ್ರೋ, ಮುಂದೆ ಅಮೆರಿಕದ ಅಧ್ಯಕ್ಷರಾದ ನಿಕ್ಸನ್ ಅಂಥವರನ್ನೆಲ್ಲ ನೆಗೆಸಿ ಫೋಟೋ ತೆಗೆದವರು. ನೆಗೆಯುವಾಗ ಮನುಷ್ಯನ ಗಮನವೆಲ್ಲ ನೆಗೆತದ ಮೇಲಿರುತ್ತದೆ, ಮುಖವಾಡ ಕಳಚುತ್ತದೆ ಅನ್ನುವುದು ಅವರ ಲೆಕ್ಕ. ನಮ್ಮ ದೊಡ್ಡಪ್ಪನನ್ನು ನೆಗೆಸಿದೆ. ಮುಖವಾಡ ಕಳಚಿತು. ಹಲ್ಲಿನ ಸೆಟ್ಟೂ ಕಳಚಿತು.

ಬುದ್ಧಿ ಬಂದಿದ್ದು ಗೆಳೆಯನೊಬ್ಬ ಲೈಟ್ ಪರೀಕ್ಷೆಗೆ ಅಂತ ನನ್ನನ್ನು ಸ್ಟೂಲ್ ಮೇಲೆ ಕೂರಿಸಿದ ದಿನ. ಒಂದು ಕ್ಲಿಕ್ ಮಾಡಿದ. ಹಿಂದಿನ ಸ್ಕ್ರೀನ್ ನೋಡಿದ. "ಹ್ಞೂಂ..." ಅಂದ. ಇನ್ನೊಂದು ಕ್ಲಿಕ್. ಹುಬ್ಬು ಗಂಟಿಕ್ಕಿದ. ಮಾತಿಲ್ಲ. ಅಷ್ಟರಲ್ಲಿ ನನ್ನ ಮೂಗು ಬೆಳೆಯಲು ಶುರುವಾಗಿತ್ತು. ಕಿವಿ ಎರಡೂ ಬೇರೆ ಬೇರೆ ಎತ್ತರದಲ್ಲಿವೆ ಅನ್ನಿಸಿತು. ಅವನು ನೋಡುತ್ತಿದ್ದದ್ದು ಲೈಟಿನ ನೆರಳನ್ನು ಮಾತ್ರವಂತೆ! ಹಾಗಂತ ಬಾಯಿಬಿಟ್ಟು ಹೇಳಬಾರದಾ? ಆಗ ಹೊಳೆಯಿತು, ನಾನೂ ಎಲ್ಲರಿಗೂ ಇದನ್ನೇ ಮಾಡುತ್ತಿದ್ದೆ. ಕ್ಯಾಮೆರಾ ಹಿಂದಿನ ಮೌನಕ್ಕೆ ಮುಂದೆ ಕೂತವರು ತಮ್ಮದೇ ಅರ್ಥ ಹಚ್ಚಿಕೊಳ್ಳುತ್ತಾರೆ. ಅದು ಒಳ್ಳೆಯ ಅರ್ಥವಂತೂ ಆಗಿರುವುದಿಲ್ಲ.

ಅಂದಿನಿಂದ ನನ್ನ ಬಾಯಿ ಮುಚ್ಚಿಲ್ಲ. "ಚೆನ್ನಾಗಿ ನಿಲ್ಲಿ" ಅನ್ನುವುದಿಲ್ಲ, ಮಾಡಲು ಕೆಲಸ ಕೊಡುತ್ತೇನೆ. "ಭಾರ ಹಿಂದಿನ ಕಾಲಿಗೆ ಹಾಕಿ. ಆ ಪುಸ್ತಕ ಹಿಡ್ಕೊಳ್ಳಿ. ಉಸಿರು ಬಿಡಿ." ಕೈಗೆ ಏನಾದರೂ ಸಿಕ್ಕರೆ ಅರ್ಧ ಸಂಕೋಚ ಅಲ್ಲೇ ಹೋಗುತ್ತದೆ. ಗದ್ದವನ್ನು ಸ್ವಲ್ಪ ಮುಂದೆ ಚಾಚಿ ಒಂಚೂರು ತಗ್ಗಿಸಿ ಅಂದರೆ ಆಮೆ ಆದೆ ಅನ್ನಿಸುತ್ತದೆ ಅವರಿಗೆ, ಆದರೆ ಫೋಟೋದಲ್ಲಿ ಎರಡನೇ ಗದ್ದ ಮಾಯ. ನಾವು ನಿಮಿಷಕ್ಕೆ ಹದಿನೈದಿಪ್ಪತ್ತು ಸಲ ಕಣ್ಣು ಮಿಟುಕಿಸುತ್ತೇವೆ. ಕೆಲವರು ಮಾತ್ರ ಎಲ್ಲವನ್ನೂ ನನ್ನ ಕ್ಲಿಕ್ಕಿಗೇ ಎತ್ತಿಡುತ್ತಾರೆ. ಅಂಥವರಿಗೆ ಕಣ್ಣು ಮುಚ್ಚಿಸಿ, ಮೂರು ಎಣಿಸಿ, ತೆರೆದ ಕೂಡಲೇ ಕ್ಲಿಕ್. ಮೊಬೈಲ್ ಹಿಡಿದು ಮುಖದ ಹತ್ತಿರ ನುಗ್ಗಬಾರದು ಅಂತಲೂ ಕಲಿತೆ. ಹತ್ತಿರದಿಂದ ಮೂಗು ದೊಡ್ಡದಾಗಿ, ಕಿವಿ ಹಿಂದೆ ಸರಿದು ಕಾಣುತ್ತವೆ. ದೂರದಿಂದಲೇ ಮುಖವನ್ನು ದೊಡ್ಡದಾಗಿ ಹಿಡಿಯುವ 85 ಎಂಎಂ ಲೆನ್ಸ್ ಹಾಕಿ ದೂರ ನಿಂತರೆ ಮೂಗಿಗೂ ಕ್ಷೇಮ, ಕೂತವರಿಗೂ ಉಸಿರಾಡಲು ಜಾಗ.

ಇಷ್ಟಾದರೂ "ಅಯ್ಯೋ, ನಾನು ಹೀಗಿಲ್ಲಪ್ಪ" ಅನ್ನುವವರಿದ್ದಾರೆ. ಅವರ ಮಾತಲ್ಲೂ ಸತ್ಯವಿದೆ. 1977ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಂದೇ ಫೋಟೋವನ್ನು ನೇರವಾಗಿಯೂ ಕನ್ನಡಿಯಂತೆ ತಿರುಗಿಸಿಯೂ ತೋರಿಸಿದ್ದರು. ಫೋಟೋದವರು ಹೆಚ್ಚಾಗಿ ಮೆಚ್ಚಿದ್ದು ಕನ್ನಡಿಯ ಮುಖ, ಗೆಳೆಯರು ಮೆಚ್ಚಿದ್ದು ನೇರ ಮುಖ. ದಿನಾ ನೋಡಿ ಬಳಕೆಯಾದದ್ದೇ ಚಂದ, ಅಲ್ವಾ? ಇದನ್ನು ಚಿಕ್ಕಮ್ಮನಿಗೆ ವಿವರಿಸಿದೆ. "ಹಾಗಾದ್ರೆ ಇಷ್ಟು ವರ್ಷ ಜನ ನನ್ನನ್ನ ಉಲ್ಟಾ ನೋಡಿದ್ದಾರಾ?" ಅಂತ ಇನ್ನೂ ಚಿಂತೆಯಲ್ಲಿದ್ದಾರೆ.

ಈ ಚಿಕ್ಕಮ್ಮನ ಫೋಟೋ ತೆಗೆದದ್ದೇ ನನ್ನ ದೊಡ್ಡ ಸಾಧನೆ, ದೊಡ್ಡ ಎಡವಟ್ಟು ಕೂಡ. ನಲವತ್ತು ನಿಮಿಷ ಮಾತಾಡಿಸಿದೆ. ಮೊದಲ ಹತ್ತು ನಿಮಿಷ ಕಲ್ಲು, ಆಮೇಲೆ ಕರಗಿದರು. ನಕ್ಕರು, ಬೈದರು, ಕೂದಲು ಸರಿಸಿಕೊಂಡರು. ಎಲ್ಲ ಸಿಕ್ಕಿತು ಅಂದುಕೊಂಡು ಮನೆಗೆ ಬಂದರೆ ಮೆಮೊರಿ ಕಾರ್ಡ್ ಕಂಪ್ಯೂಟರಿನಲ್ಲೇ ಇತ್ತು. ಮಾರನೇ ದಿನ ತಲೆ ತಗ್ಗಿಸಿ ಹೋದೆ. "ಅಷ್ಟೇನಾ? ಬಾ, ಇನ್ನೊಂದ್ಸಲ ತೆಗಿ" ಅಂದವರು ಮೊದಲ ಕ್ಲಿಕ್ಕಿಗೇ ಹೂವಿನ ಹಾಗೆ ಕೂತರು. ಭಯ ಪಡುವ ಕೆಲಸವನ್ನೆಲ್ಲ ಹಿಂದಿನ ದಿನವೇ ಮುಗಿಸಿಬಿಟ್ಟಿದ್ದರು. ಈಗ ಹೊಸಬರು ಯಾರೇ ಬಂದರೂ ಮೊದಲ ಹತ್ತು ನಿಮಿಷದ ಫೋಟೋಗಳನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಕಾರ್ಡ್ ಇದೆಯಾ ಅಂತ ಮಾತ್ರ ಮೂರು ಸಲ ನೋಡುತ್ತೇನೆ.

ಉಳಿದವರು ಮಾವ. ಅವರಿಗೆ ನನ್ನ ಕೊನೆಯ ಅಸ್ತ್ರ ಬಿಟ್ಟೆ. "ಮುಗೀತು ಮಾವ, ಥ್ಯಾಂಕ್ಸ್" ಅಂದು ಕ್ಯಾಮೆರಾ ಇಳಿಸಿದೆ. ಎಲ್ಲರೂ ಆಗ ಭುಜ ಸಡಿಲಿಸಿ ನಿಜವಾಗಿ ನಗುತ್ತಾರೆ, ಆ ಕ್ಷಣಕ್ಕೇ ನಾನು ಕಾಯುವುದು. ಮಾವನೂ ನಕ್ಕರು! ಎದೆ ಮಟ್ಟದಿಂದಲೇ ಕ್ಲಿಕ್ ಮಾಡಿದೆ. ಸಿಕ್ಕಿಬಿಟ್ಟಿತು ಅವರ ಜೀವಮಾನದ ಫೋಟೋ. ಆ ಖುಷಿಯಲ್ಲಿ ನನ್ನ ಉಪಾಯವನ್ನೂ ಅವರಿಗೆ ಹೇಳಿಬಿಟ್ಟೆ.

ಹೇಳಬಾರದಿತ್ತು. ಮುಂದಿನ ಸಲ "ಮುಗೀತು ಮಾವ" ಅಂದರೆ ಅವರು ಮಿಸುಕಲಿಲ್ಲ. ಕ್ಯಾಮೆರಾ ಚೀಲಕ್ಕೆ ಹಾಕಿ ಜಿಪ್ ಎಳೆದೆ. ಚಪ್ಪಲಿ ಮೆಟ್ಟಿಕೊಂಡೆ. ಎದೆ ಉಬ್ಬಿಸಿ, ಉಸಿರು ಕಟ್ಟಿ, ಹಲ್ಲು ಬಿಟ್ಟುಕೊಂಡೇ ಗೇಟಿನವರೆಗೆ ನನ್ನನ್ನು ಬಿಡಲು ಬಂದರು.